ರೈಲಿನ ಹಾರ್ನ್ ಕೇಳಿಸಿದರೆ ಸಾಲದು

ಎರಡು ವರ್ಷ ತುಂಬಿದ ಮಗು ಇನ್ನೂ ಮಾತಾಡುತ್ತಿಲ್ಲ ಎಂದು ಬಂಗಾರಪೇಟೆಯ ತಾಯಿಯೊಬ್ಬಳು ಅಳುಕುತ್ತಲೇ ಹೇಳಿಕೊಂಡರೆ ಸಮಾಧಾನ ಹೇಳುವವರಿಗೆ ಬರವಿಲ್ಲ. "ಏನ್ ಬಿಡಮ್ಮ, ಅವರಪ್ಪನೂ ಮೂರು ವರ್ಷಕ್ಕೇ ಬಾಯಿ ಬಿಟ್ಟಿದ್ದು" ಎನ್ನುತ್ತಾರೆ ಅತ್ತೆ. "ಗಂಡು ಮಕ್ಕಳು ನಿಧಾನ ಕಣೇ" ಎನ್ನುತ್ತಾರೆ ಪಕ್ಕದ ಮನೆಯವರು. ಓದಿಕೊಂಡ ನೆಂಟರೊಬ್ಬರು ಇನ್ನೊಂದು ಕಾರಣ ಕೊಡುತ್ತಾರೆ: ಮನೆಯಲ್ಲಿ ತೆಲುಗು, ಬೀದಿಯಲ್ಲಿ ತಮಿಳು, ಅಂಗನವಾಡಿಯಲ್ಲಿ ಕನ್ನಡ, ಮೊಬೈಲಿನಲ್ಲಿ ಇಂಗ್ಲಿಷ್, ಮಗು ಗೊಂದಲಕ್ಕೆ ಬೀಳದೆ ಇನ್ನೇನಾದೀತು? ಮೊದಲ ಎರಡು ಮಾತನ್ನು ಜನ ಅರ್ಧ ನಂಬುತ್ತಾರೆ. ಮೂರನೆಯದು ವಿಜ್ಞಾನದ ಮಾತಿನಂತೆ ಕೇಳಿಸುವುದರಿಂದ ಪೂರ್ತಿ ನಂಬುತ್ತಾರೆ. ಅದನ್ನು ನಂಬಿ ಕಾಯುತ್ತಾ ಕುಳಿತ ಮನೆಗಳಲ್ಲಿ ಮಗುವಿನ ಅತಿ ಮುಖ್ಯವಾದ ಒಂದೆರಡು ವರ್ಷ ಕೈಜಾರಿ ಹೋಗುತ್ತದೆ. ಹಾಗಾಗಿ ಈ ಅಧ್ಯಾಯವನ್ನು ಅಲ್ಲಿಂದಲೇ ಶುರುಮಾಡುತ್ತೇನೆ.

ಈ ಸೀಮೆಗೆ ಹಲವು ಭಾಷೆ ಬಂದದ್ದು ನಿನ್ನೆ ಮೊನ್ನೆಯಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಕೋಲಾರದ ಚಿನ್ನದ ಗಣಿಗೆ ಕೈಹಾಕಿದ ಮೇಲೆ ಉತ್ತರ ಆರ್ಕಾಟ್, ಧರ್ಮಪುರಿ ಕಡೆಯಿಂದ ತಮಿಳರು, ಚಿತ್ತೂರು ಕಡೆಯಿಂದ ತೆಲುಗರು ಕೆಲಸಕ್ಕೆ ಬಂದರು. ಬಂಗಾರಪೇಟೆಗೆ ಆಗ ಬೌರಿಂಗ್‌ಪೇಟೆ ಎಂದು ಹೆಸರು. ಅಲ್ಲಿಂದ ಮಾರಿಕುಪ್ಪಂವರೆಗಿನ ರೈಲು ದಾರಿ 1894ರದ್ದು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು, ಭಾಷೆಗಳು ಉಳಿದವು. ಚಾಂಪಿಯನ್ ರೀಫ್ಸ್‌ನ ಲೈನ್ ಮನೆಗಳಲ್ಲಿ ಹುಟ್ಟಿದವರು, ರಾಬರ್ಟ್‌ಸನ್‌ಪೇಟೆಯ ಅಂಗಡಿಯವರು, ಬೂದಿಕೋಟೆ ಕಡೆಯ ರೈತರು ಮೂರು ಭಾಷೆಯಲ್ಲಿ ಲೀಲಾಜಾಲವಾಗಿ ವ್ಯವಹಾರ ಮಾಡುತ್ತಾರೆ, ನಾಲ್ಕನೆಯದಾಗಿ ಉರ್ದು ಬರುವವರೂ ಬೇಕಾದಷ್ಟಿದ್ದಾರೆ. ಹಲವು ಭಾಷೆ ಕಿವಿಗೆ ಬಿದ್ದರೆ ಮಾತು ತಡವಾಗುವುದು ನಿಜವಾಗಿದ್ದರೆ ನೂರು ವರ್ಷದಿಂದ ಈ ತಾಲ್ಲೂಕಿನ ಮಕ್ಕಳೆಲ್ಲ ಮೂಕರಂತೆ ಬೆಳೆಯಬೇಕಿತ್ತು.

ಎಳೆಗೂಸಿನ ಕಿವಿ ಎಷ್ಟು ಚುರುಕೆಂಬುದಕ್ಕೆ 1984ರಲ್ಲಿ ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಪ್ರಕಟಿಸಿದ ಪ್ರಯೋಗ ಒಳ್ಳೆಯ ಸಾಕ್ಷಿ. ನಮಗೆ 'ಅತ್ತ' ಬೇರೆ, 'ಅಟ್ಟ' ಬೇರೆ. ಇಂಗ್ಲಿಷ್ ಮಾತ್ರ ಬಲ್ಲ ದೊಡ್ಡವರಿಗೆ ತಕಾರ ಟಕಾರಗಳ ಈ ವ್ಯತ್ಯಾಸ ಕಿವಿಗೆ ಸಿಗುವುದೇ ಕಷ್ಟ. ವರ್ಕರ್ ಹಿಂದಿಯ ತ ಮತ್ತು ಟ ಧ್ವನಿಗಳನ್ನು ಇಂಗ್ಲಿಷ್ ಮನೆಗಳ ಶಿಶುಗಳಿಗೆ ಕೇಳಿಸಿದರು. ಒಂದೇ ಧ್ವನಿ ಮತ್ತೆ ಮತ್ತೆ ಬರುತ್ತಿದ್ದು ಥಟ್ಟನೆ ಬದಲಾದಾಗ ಮಗು ತಲೆ ತಿರುಗಿಸಿದರೆ, ಪಕ್ಕದ ಪೆಟ್ಟಿಗೆಯಲ್ಲಿ ದೀಪ ಹತ್ತಿ ಗೊಂಬೆ ಕುಣಿಯುತ್ತಿತ್ತು. ಆರರಿಂದ ಎಂಟು ತಿಂಗಳ ಕೂಸುಗಳು ಬದಲಾವಣೆಯನ್ನು ಚೆನ್ನಾಗಿಯೇ ಗುರುತಿಸಿದವು. ಹತ್ತರಿಂದ ಹನ್ನೆರಡು ತಿಂಗಳಾಗುವಷ್ಟರಲ್ಲಿ ಆ ಶಕ್ತಿ ಬಹುಮಟ್ಟಿಗೆ ಇಲ್ಲವಾಗಿತ್ತು. ಅಂದರೆ, ತಾನು ಹುಟ್ಟಿದ ಮನೆಯಲ್ಲಿ ಯಾವ ಧ್ವನಿಗಳು ಬೇಕು, ಯಾವುವು ಬೇಡ ಎಂಬ ವಿಂಗಡಣೆಯನ್ನು ಮಗು ಮೊದಲ ಮಾತು ಆಡುವ ಮುಂಚೆಯೇ ಮುಗಿಸಿಬಿಡುತ್ತದೆ.

ಎರಡು ಭಾಷೆ ಇರುವ ಮನೆಯಲ್ಲಿ? 2010ರಲ್ಲಿ ವರ್ಕರ್ ಅವರ ತಂಡವೇ ವ್ಯಾಂಕೋವರ್‌ನಲ್ಲಿ ಅದನ್ನೂ ನೋಡಿತು. ಬಸುರಿನಲ್ಲಿದ್ದಾಗ ಇಂಗ್ಲಿಷ್ ಮತ್ತು ಫಿಲಿಪ್ಪೀನ್ಸಿನ ತಗಾಲೋಗ್ ಎರಡನ್ನೂ ಕೇಳಿ ಹುಟ್ಟಿದ ಶಿಶುಗಳು ಎರಡಕ್ಕೂ ಸಮನಾಗಿ ಕಿವಿಗೊಟ್ಟವು. ಅಷ್ಟೇ ಅಲ್ಲ, ಒಂದು ಭಾಷೆಯಿಂದ ಇನ್ನೊಂದಕ್ಕೆ ಹೊರಳಿದ್ದನ್ನು ಗುರುತಿಸಿದವು. ಹುಟ್ಟಿ ಕೆಲವೇ ದಿನಗಳಾದ ಕೂಸುಗಳಿವು. ಗೊಂದಲವೆಂಬುದು ದೊಡ್ಡವರ ಊಹೆ.

ಬಂಗಾರಪೇಟೆಯ ಎರಡು ವರ್ಷದ ಮಗು ಅಜ್ಜನಿಗೆ "ತಾತ ರಾ" ಎನ್ನಬಹುದು, ಅಮ್ಮನಿಗೆ "ಅಮ್ಮ ಬಾ" ಎನ್ನಬಹುದು, ಎದುರು ಮನೆಯ ಅಕ್ಕನಿಗೆ "ವಾ" ಎನ್ನಬಹುದು. ಕೆಲವು ಸಲ ಕನ್ನಡ ತಮಿಳು ಬೆರೆಸಿ "ಹಾಲು ವೇಣಾಂ" ಎಂದೂ ಹೇಳೀತು. ಬೆರಕೆ ದೋಷವಲ್ಲ, ಈ ಊರಿನ ದೊಡ್ಡವರು ಮಾತಾಡುವುದೂ ಹಾಗೆಯೇ. ಲೆಕ್ಕ ಹಾಕುವಾಗ ಮಾತ್ರ ಎಚ್ಚರ ಬೇಕು. ಮಗುವಿಗೆ ಎಷ್ಟು ಪದ ಬರುತ್ತದೆ ಎಂದು ಕನ್ನಡದಲ್ಲಿ ಮಾತ್ರ ಎಣಿಸಿದರೆ ಇಪ್ಪತ್ತು ಸಿಗಬಹುದು. ತೆಲುಗಿನ ಹದಿನೈದು, ತಮಿಳಿನ ಇಪ್ಪತ್ತು ಸೇರಿಸಿದರೆ ಐವತ್ತು ದಾಟುತ್ತದೆ. ಅಂಥ ಮಗುವಿಗೆ ಮಾತಿನ ತೊಂದರೆಯಿಲ್ಲ. ಹಲವು ಭಾಷೆಯ ಮಕ್ಕಳನ್ನು ಅಳೆಯುವಾಗ ಎಲ್ಲ ಭಾಷೆಯ ಪದಗಳನ್ನೂ ಕೂಡಿಸಬೇಕೆಂದು 1990ರ ದಶಕದಲ್ಲೇ ಬಾರ್ಬರಾ ಪಿಯರ್ಸನ್ ಮತ್ತು ಸಂಗಡಿಗರು ತೋರಿಸಿಕೊಟ್ಟಿದ್ದಾರೆ. ಇದಕ್ಕೆ ಇನ್ನೊಂದು ಮಗ್ಗುಲಿದೆ: ನಿಜವಾದ ಭಾಷಾ ತೊಂದರೆ ಇರುವ ಮಗುವಿನಲ್ಲಿ ಅದು ಒಂದೇ ಭಾಷೆಗೆ ಸೀಮಿತವಾಗಿರುವುದಿಲ್ಲ. ತೆಲುಗಿನಲ್ಲೂ ಇಲ್ಲ, ಕನ್ನಡದಲ್ಲೂ ಇಲ್ಲ, ತಮಿಳಿನಲ್ಲೂ ಇಲ್ಲ ಎಂದಾದರೆ ಭಾಷೆಗಳ ಮೇಲೆ ತಪ್ಪು ಹೊರಿಸಿ ಕೂರಬಾರದು.

ಮಾತಿಗೆ ಮುಂಚಿನ ಮಾತು

ಮಗು ಮಾತಾಡುವುದು ಮೊದಲ ಪದದಿಂದ ಶುರುವಾಗುತ್ತದೆಂದು ನಾವು ಅಂದುಕೊಂಡಿದ್ದೇವೆ. ತೊಂದರೆಯನ್ನು ತಡವಾಗಿ ಗುರುತಿಸುವುದಕ್ಕೆ ಅರ್ಧ ಕಾರಣ ಇದೇ. ಮೊದಲ ಪದಕ್ಕಿಂತ ಎಷ್ಟೋ ಮುಂಚೆ ಸೂಚನೆಗಳು ಕಾಣಿಸುತ್ತವೆ, ನೋಡುವವರು ಬೇಕು.

ಎರಡು ಮೂರು ತಿಂಗಳಿಗೆ ಕೂಸು "ಆ… ಊ…" ಎಂದು ರಾಗ ಎಳೆಯುತ್ತದೆ. ನಾವು ಮಾತಾಡಿಸಿ ಸುಮ್ಮನಾದರೆ ಅದು ಉತ್ತರ ಕೊಡುತ್ತದೆ, ಅದು ನಿಲ್ಲಿಸಿದಾಗ ನಾವು ಮುಂದುವರಿಸುತ್ತೇವೆ. ಸರದಿಯ ಪಾಠ ಇಲ್ಲಿಂದಲೇ. ಆರು ತಿಂಗಳ ನಂತರ "ಬಬಬ", "ಮಮಮ", "ದದದ" ಎಂಬ ತೊದಲು ಬರುತ್ತದೆ. ಇದು ಬಹಳ ಬೆಲೆಯುಳ್ಳ ಸೂಚನೆ. ಹುಟ್ಟು ಕಿವುಡಿರುವ ಶಿಶುವೂ ಮೊದಮೊದಲು ರಾಗ ಎಳೆಯುತ್ತದೆ, ನಗುತ್ತದೆ, ಕಿರುಚುತ್ತದೆ. ಹೀಗಾಗಿ ಮನೆಯವರಿಗೆ ಸಂಶಯವೇ ಬರುವುದಿಲ್ಲ. ಆದರೆ ವ್ಯಂಜನ ಸ್ವರ ಕೂಡಿದ ಸ್ಪಷ್ಟ ತೊದಲು ಬರಬೇಕಾದರೆ ಕಿವಿ ಕೇಳಿಸಬೇಕು. ಅಮೆರಿಕದ ಕಿಂಬ್ರೋ ಆಲರ್ ಅವರ ಸಂಶೋಧನೆ ತೋರಿಸಿದಂತೆ ಬಹುತೇಕ ಎಲ್ಲ ಕೇಳುವ ಮಕ್ಕಳಲ್ಲಿ ಈ ತೊದಲು ಹತ್ತು ತಿಂಗಳೊಳಗೆ ಬಂದುಬಿಡುತ್ತದೆ. ಹತ್ತು ತಿಂಗಳಾದರೂ "ಬಬ, ದದ" ಇಲ್ಲದಿದ್ದರೆ ಕಿವಿ ಪರೀಕ್ಷೆ ಮಾಡಿಸಲು ಅದೊಂದೇ ಕಾರಣ ಸಾಕು.

ಒಂಬತ್ತರಿಂದ ಹನ್ನೆರಡು ತಿಂಗಳ ನಡುವೆ ಬೆರಳು ತೋರಿಸುವುದು ಬರುತ್ತದೆ. ಇದರಲ್ಲಿ ಎರಡು ಬಗೆ. ಕಪಾಟಿನ ಮೇಲಿನ ಬಿಸ್ಕತ್ತು ತೋರಿಸಿ "ಕೊಡು" ಎನ್ನುವುದು ಒಂದು. ಗೋಡೆಯ ಮೇಲಿನ ಹಲ್ಲಿಯನ್ನು ತೋರಿಸಿ, ತಿರುಗಿ ಅಮ್ಮನ ಮುಖ ನೋಡುವುದು ಇನ್ನೊಂದು. ಹಲ್ಲಿ ಯಾರಿಗೂ ಬೇಕಿಲ್ಲ. "ನೀನೂ ನೋಡು" ಎನ್ನುವುದಷ್ಟೇ ಅದರ ಅರ್ಥ. ಎಲಿಜಬೆತ್ ಬೇಟ್ಸ್ ಎಂಬ ವಿದ್ವಾಂಸೆ 1970ರ ದಶಕದಲ್ಲಿ ಈ ಎರಡನ್ನೂ ಬೇರ್ಪಡಿಸಿ ವಿವರಿಸಿದರು. ಎರಡನೆಯ ಬಗೆಯ ಬೆರಳು ಮಾತಿನ ಬೇರು ಎಂದೇ ನನಗೆ ಅನಿಸುತ್ತದೆ. ತಾನು ಕಂಡದ್ದನ್ನು ಇನ್ನೊಬ್ಬರೊಡನೆ ಹಂಚಿಕೊಳ್ಳುವ ಆಸೆ ಇದ್ದರೆ ತಾನೇ ಮಾತು ಬೇಕಾಗುವುದು? ವರ್ಷ ತುಂಬಿ ಮೂರು ನಾಲ್ಕು ತಿಂಗಳಾದರೂ ಮಗು ಏನನ್ನೂ ತೋರಿಸುವುದಿಲ್ಲ, ಟಾಟಾ ಮಾಡುವುದಿಲ್ಲ, ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲ ಎಂದಾದರೆ ಮೊದಲ ಪದಕ್ಕಾಗಿ ಕಾಯಬೇಡಿ.

ಮೊದಲ ಪದ ಹೆಚ್ಚುಕಡಿಮೆ ವರ್ಷದ ಹೊತ್ತಿಗೆ ಬರುತ್ತದೆ. ಅಮ್ಮ, ತಾತ, ಮಮ್ಮು, ಬೌಬೌ ಎಲ್ಲವೂ ಪದವೇ. ಪ್ರತಿಸಲ ಅದೇ ವಸ್ತುವಿಗೆ ಅದೇ ಶಬ್ದ ಬಳಸಿದರೆ, ಕೇಳಲು ಹೇಗೇ ಇರಲಿ, ಅದನ್ನು ಎಣಿಕೆಗೆ ತೆಗೆದುಕೊಳ್ಳಬೇಕು. ಹದಿನಾರು, ಹದಿನೆಂಟು ತಿಂಗಳಾದರೂ ಒಂದೂ ಪದವಿಲ್ಲದಿದ್ದರೆ ತೋರಿಸಬೇಕು. ಎರಡು ವರ್ಷಕ್ಕೆ ಐವತ್ತು ಪದಗಳು, ಜೊತೆಗೆ "ಅಪ್ಪ ಬಂತು", "ಹಾಲು ಬೇಡ" ಎಂಬಂಥ ಎರಡು ಪದದ ಜೋಡಣೆ, ಇದು ವೈದ್ಯರು ಬಹುಕಾಲದಿಂದ ಬಳಸುತ್ತಿರುವ ಗೆರೆ. ಮೂರು ವರ್ಷದ ಮಗುವಿನ ಮಾತಿನಲ್ಲಿ ಮುಕ್ಕಾಲು ಭಾಗವಾದರೂ ಹೊರಗಿನವರಿಗೆ ತಿಳಿಯಬೇಕು.

ಇಲ್ಲಿ ಒಂದು ಗಲಿಬಿಲಿಯನ್ನು ತಪ್ಪಿಸಿಬಿಡುತ್ತೇನೆ. ಎರಡೂವರೆ ವರ್ಷದ ಮಗು ಸ್ಟೇಷನ್ ಕಡೆ ಕೈ ತೋರಿಸಿ "ಲೈಲು ಬಂತು" ಎಂದಿತೆನ್ನಿ. ರಕಾರ ಬಂದಿಲ್ಲ, ಮನೆಯವರು ಚಿಂತೆ ಮಾಡುತ್ತಾರೆ. ಆ ಎರಡು ಪದಗಳನ್ನು ಹತ್ತಿರದಿಂದ ನೋಡಿ. ಮಗು ಕರ್ತೃವನ್ನು ಮೊದಲಿಟ್ಟಿದೆ, ಕ್ರಿಯಾಪದವನ್ನು ಕೊನೆಗಿಟ್ಟಿದೆ, ಆಗಿಹೋದ ಕಾಲವನ್ನು ಬಳಸಿದೆ, 'ಬಂದ' ಎನ್ನದೆ 'ಬಂತು' ಎಂದು ಲಿಂಗವನ್ನೂ ಹೊಂದಿಸಿದೆ. ಕನ್ನಡದ ವ್ಯಾಕರಣ ಒಳಗೆ ಕೂತಾಗಿದೆ. ರ, ಳ, ಷ ಧ್ವನಿಗಳು ನಾಲಿಗೆಗೆ ಕಷ್ಟ, ತಡವಾಗಿಯೇ ಬರುತ್ತವೆ. ಚಿಂತೆ ಮಾಡಬೇಕಾದದ್ದು "ರೈಲು" ಎಂದು ಸ್ಪಷ್ಟವಾಗಿ ಅಂದು, ಅದಕ್ಕೆ ಎರಡನೆಯ ಪದವನ್ನು ಎಂದೂ ಜೋಡಿಸದ ಮೂರು ವರ್ಷದ ಮಗುವಿನ ಬಗ್ಗೆ.

ಕೇಳಿಸುತ್ತದೆ ಎಂಬ ಭ್ರಮೆ

"ಕಿವಿಗೇನೂ ಇಲ್ಲ ಡಾಕ್ಟ್ರೇ, ರೈಲು ಹಾರ್ನ್ ಹೊಡೆದರೆ ಬಾಗಿಲಿಗೆ ಓಡಿಬರುತ್ತಾನೆ." ಜಂಕ್ಷನ್ ಇರುವ ಊರಿನಲ್ಲಿ ಇಂಥ ಮಾತು ಸಹಜ. ಬೇರೆ ಊರುಗಳಲ್ಲಿ ಕುಕ್ಕರ್ ಶಿಳ್ಳೆ, ದೀಪಾವಳಿ ಪಟಾಕಿ, ಸ್ಟೀಲ್ ತಟ್ಟೆ ಬಿದ್ದ ಸದ್ದು ಸಾಕ್ಷಿಗೆ ಬರುತ್ತವೆ. ಇವು ಯಾವುವೂ ಸಾಕ್ಷಿಯಲ್ಲ.

ರೈಲಿನ ಹಾರ್ನ್ ಹತ್ತಿರದಲ್ಲಿ 100 ಡೆಸಿಬೆಲ್‌ಗೂ ಮೀರಿದ ಸದ್ದು. ಮನೆಯೊಳಗಿನ ಸಾಮಾನ್ಯ ಮಾತು 50ರಿಂದ 60 ಡೆಸಿಬೆಲ್, ಪಿಸುಮಾತು 30ರ ಆಸುಪಾಸು. ಐವತ್ತು ಅರವತ್ತು ಡೆಸಿಬೆಲ್ ಶ್ರವಣ ಕೊರತೆ ಇರುವ ಮಗುವಿಗೆ ಹಾರ್ನ್ ಚೆನ್ನಾಗಿಯೇ ಕೇಳಿಸುತ್ತದೆ, ಅಮ್ಮನ ಮಾತು ಕೇಳಿಸುವುದಿಲ್ಲ. ಹಳಿಯ ಪಕ್ಕದ ಮನೆಯಾದರೆ ನೆಲ ಅದುರುವುದೂ ಸೇರಿಕೊಳ್ಳುತ್ತದೆ, ಪೂರ್ತಿ ಕಿವುಡು ಮಗುವೂ ಬಾಗಿಲಿಗೆ ಓಡೀತು. ಇನ್ನೊಂದು ಬಗೆಯ ಕೊರತೆ ಇದಕ್ಕಿಂತ ಮೋಸದ್ದು. ಮಂದ್ರ ಧ್ವನಿಗಳೆಲ್ಲ ಕೇಳಿಸಿ, ಹೆಚ್ಚು ಕಂಪನಾಂಕದ ಸ, ಶ, ಚ ಕೇಳಿಸುವುದಿಲ್ಲ. ಇಂಥ ಮಗು ಕರೆದರೆ ತಿರುಗುತ್ತದೆ, ಮಾತು ಮಾತ್ರ ಅರ್ಧರ್ಧ ಅಳಿಸಿದ ಅಕ್ಷರದಂತೆ ಒಳಗೆ ಹೋಗುತ್ತದೆ. ಅಷ್ಟನ್ನು ಇಟ್ಟುಕೊಂಡು ಭಾಷೆ ಕಟ್ಟುವುದು ಹೇಗೆ?

ಜಗತ್ತಿನಲ್ಲಿ ಹುಟ್ಟುವ ಸಾವಿರ ಶಿಶುಗಳಲ್ಲಿ ಒಂದೆರಡಕ್ಕಾದರೂ ಶಾಶ್ವತ ಶ್ರವಣ ಕೊರತೆ ಇರುತ್ತದೆ. ಅವಧಿಗೆ ಮುಂಚೆ ಹುಟ್ಟಿದವರು, ಹುಟ್ಟಿದಾಗ ಕಾಮಾಲೆ ವಿಪರೀತವಾಗಿದ್ದವರು, ಗಾಜಿನ ಪೆಟ್ಟಿಗೆಯಲ್ಲಿ ದಿನಗಟ್ಟಲೆ ಇದ್ದವರು, ಮೆದುಳು ಜ್ವರ ಬಂದು ಹೋದವರು, ಬಸುರಿನಲ್ಲಿ ತಾಯಿಗೆ ರುಬೆಲ್ಲಾ ತಗುಲಿದವರು, ಇವರಲ್ಲಿ ಅಪಾಯ ಹೆಚ್ಚು. ನಮ್ಮ ಹಳೇ ಮೈಸೂರು ಸೀಮೆಯಲ್ಲಿ ಇದಕ್ಕೆ ಇನ್ನೊಂದನ್ನು ಸೇರಿಸಲೇಬೇಕು. ಅಕ್ಕನ ಮಗಳನ್ನು, ಅತ್ತೆ ಮಾವನ ಮಕ್ಕಳನ್ನು ಮದುವೆಯಾಗುವ ವಾಡಿಕೆ ಇಲ್ಲಿ ಹಿಂದಿನಿಂದ ಬಂದದ್ದು. ಕಿವುಡಿಗೆ ಕಾರಣವಾಗುವ ಎಷ್ಟೋ ಜೀನ್ ದೋಷಗಳು ಅಪ್ಪ ಅಮ್ಮ ಇಬ್ಬರಿಂದಲೂ ಬಂದಾಗ ಮಾತ್ರ ಹೊರಗೆ ಕಾಣುತ್ತವೆ. ಇಬ್ಬರೂ ಒಂದೇ ದೋಷವನ್ನು ಹೊತ್ತಿದ್ದರೆ ಪ್ರತಿ ಬಸುರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಸಂಭವ. ನೆಂಟರೊಳಗೆ ಮದುವೆಯಾದಾಗ ಒಂದೇ ಅಜ್ಜ ಅಜ್ಜಿಯಿಂದ ಬಂದ ಒಂದೇ ದೋಷ ಇಬ್ಬರಲ್ಲೂ ಇರುವ ಸಾಧ್ಯತೆ ಏರುತ್ತದೆ. ಮದುವೆಯಾದವರನ್ನು ದೂರಲು ಇದನ್ನು ಹೇಳುತ್ತಿಲ್ಲ. ಅಂಥ ಮನೆಯಲ್ಲಿ ಹುಟ್ಟಿದ ಮಗುವಿನ ಕಿವಿಯನ್ನು ಮೊದಲ ತಿಂಗಳಲ್ಲೇ ನೋಡಿಸಿಕೊಳ್ಳಲಿ ಎಂದು ಹೇಳುತ್ತಿದ್ದೇನೆ.

ಪರೀಕ್ಷೆ ಮಾಡಲು ಮಗು ಉತ್ತರ ಹೇಳಬೇಕಿಲ್ಲ. 1978ರಲ್ಲಿ ಲಂಡನ್ನಿನ ಡೇವಿಡ್ ಕೆಂಪ್ ಒಂದು ಆಶ್ಚರ್ಯದ ಸಂಗತಿಯನ್ನು ಪ್ರಕಟಿಸಿದರು: ಆರೋಗ್ಯವಾಗಿರುವ ಒಳಗಿವಿ ಸದ್ದನ್ನು ಕೇಳಿಸಿಕೊಳ್ಳುವಾಗ ತಾನೂ ಒಂದು ಅತಿ ಸಣ್ಣ ಸದ್ದನ್ನು ಹೊರಡಿಸುತ್ತದೆ. ಇಂದು ಒಎಇ ಎಂದು ಕರೆಯುವ ಪರೀಕ್ಷೆ ನಿಂತಿರುವುದು ಇದರ ಮೇಲೆ. ಹಾಲು ಕುಡಿದು ಮಲಗಿದ ಕೂಸಿನ ಕಿವಿಯ ತೂತಿಗೆ ಮೆತ್ತನೆಯ ತುದಿಯ ಪುಟ್ಟ ನಳಿಕೆ ಇಡುತ್ತಾರೆ. ಅದು ಟಿಕ್ ಟಿಕ್ ಸದ್ದು ಕಳಿಸಿ, ಒಳಗಿನಿಂದ ಮರಳಿ ಬರುವ ಸದ್ದಿಗೆ ಕಿವಿಗೊಡುತ್ತದೆ. ಕೆಲವೇ ನಿಮಿಷದ ಕೆಲಸ, ನೋವಿಲ್ಲ. ಸಂಶಯ ಬಂದರೆ ಮುಂದಿನದು ಬೆರಾ ಪರೀಕ್ಷೆ. ಹಣೆಗೂ ಕಿವಿಯ ಹಿಂದೆಯೂ ತಂತಿ ಅಂಟಿಸಿ, ಸದ್ದು ಕಿವಿಯಿಂದ ಮೆದುಳ ಬುಡದವರೆಗೆ ಸಾಗುವುದನ್ನು ಅಳೆಯುತ್ತಾರೆ. ಒಂದು ತಿಂಗಳೊಳಗೆ ಮೊದಲ ತಪಾಸಣೆ, ಮೂರು ತಿಂಗಳೊಳಗೆ ಖಚಿತ ಪರೀಕ್ಷೆ, ಆರು ತಿಂಗಳೊಳಗೆ ಶ್ರವಣ ಸಾಧನ ಮತ್ತು ತರಬೇತಿ, ಇದು ಜಗತ್ತಿನಾದ್ಯಂತ ಒಪ್ಪಿರುವ ಗಡುವು.

ಇಷ್ಟು ಅವಸರವೇಕೆ ಎಂದರೆ ಮೆದುಳಿನ ಶ್ರವಣ ಭಾಗಕ್ಕೆ ಸದ್ದು ಬಾರದೆ ಹೋದರೆ ಅದು ಖಾಲಿ ಕೂರುವುದಿಲ್ಲ, ಬೇರೆ ಕೆಲಸ ಹಿಡಿಯುತ್ತದೆ. ಶಸ್ತ್ರಚಿಕಿತ್ಸೆ ಮಾಡಿ ಒಳಗಿವಿಗೆ ಕೂರಿಸುವ ಶ್ರವಣ ಸಾಧನವಾದ ಕಾಕ್ಲಿಯರ್ ಇಂಪ್ಲಾಂಟ್ ಹಾಕಿಸಿಕೊಂಡ ಮಕ್ಕಳ ಮೆದುಳಿನ ಸ್ಪಂದನವನ್ನು ಅಮೆರಿಕದಲ್ಲಿ ಅನು ಶರ್ಮಾ ಮತ್ತು ತಂಡ ಅಳೆದು 2002ರಲ್ಲಿ ಪ್ರಕಟಿಸಿತು. ಮೂರೂವರೆ ವರ್ಷದೊಳಗೆ ಹಾಕಿಸಿಕೊಂಡವರಲ್ಲಿ ಹೆಚ್ಚಿನವರ ಸ್ಪಂದನ ಉಳಿದ ಮಕ್ಕಳ ಮಟ್ಟ ಮುಟ್ಟಿತು. ಏಳು ವರ್ಷ ದಾಟಿದವರಲ್ಲಿ ಬಹುತೇಕರದು ಮುಟ್ಟಲಿಲ್ಲ. "ಮೂರು ವರ್ಷಕ್ಕೇ ಬಾಯಿ ಬಿಟ್ಟಿದ್ದು" ಎಂಬ ಸಮಾಧಾನವನ್ನು ಈ ಲೆಕ್ಕದ ಪಕ್ಕದಲ್ಲಿಟ್ಟು ನೋಡಬೇಕು.

ಹುಟ್ಟಿದಾಗ ಕಿವಿ ಚೆನ್ನಾಗಿದ್ದೂ ಆಮೇಲೆ ಕೆಡಬಹುದು. ಪದೇ ಪದೇ ನೆಗಡಿಯಾಗುವ ಮಕ್ಕಳಲ್ಲಿ ಕಿವಿಯ ತಮಟೆಯ ಹಿಂದೆ ನೀರು ತುಂಬಿಕೊಂಡು ವಾರಗಟ್ಟಲೆ ಕೇಳುವುದು ಮಂದವಾಗುತ್ತದೆ. ಕಿವಿ ಸೋರುತ್ತಿದ್ದರೆ ಬಿಸಿ ಎಣ್ಣೆ ಬಿಡುವ ಅಭ್ಯಾಸವನ್ನು ದಯವಿಟ್ಟು ಬಿಡಿ.

ಕಿವಿ ಸರಿಯಿದ್ದೂ

ಮಗುವೊಂದು ಇಂಗ್ಲಿಷಿನಲ್ಲಿ ಒಂದರಿಂದ ಇಪ್ಪತ್ತು ಎಣಿಸುತ್ತದೆ, ಎಲ್ಲ ಬಣ್ಣಗಳ ಹೆಸರು ಹೇಳುತ್ತದೆ, ಮೊಬೈಲಿನ ಪದ್ಯಗಳನ್ನು ರಾಗ ಸಮೇತ ಒಪ್ಪಿಸುತ್ತದೆ. ಬಾಯಾರಿದರೆ ಮಾತ್ರ ಅಮ್ಮನ ಕೈ ಹಿಡಿದೆಳೆದು ಫಿಲ್ಟರ್ ಹತ್ತಿರ ಒಯ್ಯುತ್ತದೆ, ನೀರು ಎನ್ನುವುದಿಲ್ಲ, ತಣ್ಣಿ ಎನ್ನುವುದಿಲ್ಲ, ಅಮ್ಮನ ಮುಖವನ್ನೂ ನೋಡುವುದಿಲ್ಲ. ಮನೆಯವರು "ಮಾತು ಬರುತ್ತೆ, ಬುದ್ಧಿವಂತ" ಎಂದು ಹೆಮ್ಮೆ ಪಡುತ್ತಾರೆ. ಒಪ್ಪಿಸುವುದು ಬೇರೆ, ಮಾತಾಡುವುದು ಬೇರೆ. ಬೇಕು, ಬೇಡ, ಬಾ, ನೋಡು ಎಂದು ಇನ್ನೊಬ್ಬರಿಗೆ ಏನನ್ನೋ ತಿಳಿಸಲು ಬಳಸಿದ ಪದಗಳೆಷ್ಟು ಎಂದು ಎಣಿಸಿ. ಹೆಸರಿಗೆ ತಿರುಗದಿರುವುದು, ಕಣ್ಣು ಕೂಡಿಸದಿರುವುದು, ಚಕ್ರ ತಿರುಗಿಸುತ್ತಲೇ ಕೂರುವುದು, ಹೇಳಿದ್ದನ್ನೇ ಪ್ರತಿಧ್ವನಿಸುವುದು ಇವೆಲ್ಲ ಒಟ್ಟಿಗೆ ಕಂಡರೆ ಆಟಿಸಂ ಇದೆಯೇ ಎಂದು ತಜ್ಞರು ನೋಡಬೇಕಾಗುತ್ತದೆ. ಕಿವಿಯ ತೊಂದರೆ ಮಾತ್ರ ಇರುವ ಮಗು ಸಾಮಾನ್ಯವಾಗಿ ಮುಖ ನೋಡುತ್ತದೆ, ಸನ್ನೆ ಮಾಡುತ್ತದೆ, ಕೈಯಲ್ಲಿ ಹೇಳಲು ಹೆಣಗುತ್ತದೆ. ಹಾಗೆಂದು ಮನೆಯಲ್ಲೇ ತೀರ್ಮಾನ ಬೇಡ, ಎರಡೂ ಒಟ್ಟಿಗೆ ಇರಬಹುದು. ಇನ್ನು, ಬರುತ್ತಿದ್ದ ಮಾತು ನಿಂತುಹೋದರೆ ಅದು ಯಾವ ವಯಸ್ಸಿನಲ್ಲೇ ಆಗಲಿ, ಒಂದು ವಾರವೂ ತಡಮಾಡಬಾರದು.

ಮೊಬೈಲು ಆಟಿಸಂ ತರುತ್ತದೆಂದು ನಾನು ಹೇಳುವುದಿಲ್ಲ. ಪರದೆಯಿಂದ ಎಳೆಯ ಮಕ್ಕಳು ಮಾತು ಕಲಿಯುವುದಿಲ್ಲ ಎಂಬುದು ಮಾತ್ರ ಗಟ್ಟಿ. ಪೆಟ್ರೀಷಿಯಾ ಕೂಲ್ 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂಬತ್ತು ತಿಂಗಳ ಅಮೆರಿಕನ್ ಶಿಶುಗಳ ಒಂದು ಗುಂಪಿಗೆ ಚೀನೀ ಭಾಷೆಯವರೇ ಎದುರು ಕೂತು ಆಟವಾಡಿಸುತ್ತಾ ಮಾತಾಡಿದರು, ಇನ್ನೊಂದು ಗುಂಪಿಗೆ ಅದನ್ನೇ ಟಿವಿಯಲ್ಲಿ ತೋರಿಸಿದರು. ಎದುರಿಗೆ ಮನುಷ್ಯರಿದ್ದ ಗುಂಪು ಚೀನೀ ಧ್ವನಿಗಳನ್ನು ಕಲಿಯಿತು, ಟಿವಿಯ ಗುಂಪು ಏನೂ ಕಲಿಯಲಿಲ್ಲ. ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆಯೇ ಬೇಡವೆಂದು ಭಾರತೀಯ ಮಕ್ಕಳ ತಜ್ಞರ ಸಂಘವೂ ಹೇಳಿದೆ. ಬಂಗಾರಪೇಟೆಯಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗಿ ಕತ್ತಲಾದ ಮೇಲೆ ಮರಳುವ ಅಪ್ಪ ಅಮ್ಮಂದಿರಿಗೆ ಇದನ್ನು ಹೇಳುವುದು ಸುಲಭವಲ್ಲ, ನನಗೆ ಗೊತ್ತು. ಮನೆಯಲ್ಲಿ ಮಗು ನೋಡಿಕೊಳ್ಳುವ ಅಜ್ಜಿಗೂ ವಯಸ್ಸಾಗಿದೆ, ಮೊಬೈಲು ಕೊಟ್ಟರೆ ಊಟ ಒಳಗೆ ಹೋಗುತ್ತದೆ. ಆದರೂ ಆ ಅಜ್ಜಿಗೆ ಬರುವ ತೆಲುಗೋ ತಮಿಳೋ ಮಗುವಿಗೆ ಮೊಬೈಲಿನ ಇಂಗ್ಲಿಷಿಗಿಂತ ಸಾವಿರ ಪಾಲು ಲಾಭ. ತುತ್ತು ಕೊಡುತ್ತಾ ಬೀದಿಯ ಹಸು, ಕಾಗೆ, ಗಾಡಿ ತೋರಿಸಿ ಮಾತಾಡಿದರೆ ಸಾಕು.

ಕಾರಣವೇ ಇಲ್ಲದೆ ತಡವಾಗಿ ಮಾತಾಡುವ ಮಕ್ಕಳೂ ಇದ್ದಾರೆ. ಎರಡು ವರ್ಷದ ನೂರು ಮಕ್ಕಳಲ್ಲಿ ಹತ್ತರಿಂದ ಹದಿನೈದು ಮಕ್ಕಳು ಐವತ್ತು ಪದದ ಗೆರೆಗೆ ಹಿಂದಿರುತ್ತಾರೆ, ಅವರಲ್ಲಿ ಎಷ್ಟೋ ಮಂದಿ ಮೂರು ನಾಲ್ಕು ವರ್ಷಕ್ಕೆ ತಾವಾಗಿಯೇ ಸರಿಹೋಗುತ್ತಾರೆ. ಅತ್ತೆಯ ಮಾತಿನಲ್ಲಿ ಇಷ್ಟು ಸತ್ಯವಿದೆ. ಗಂಡು ಮಕ್ಕಳು ಸರಾಸರಿಯಲ್ಲಿ ತುಸು ಹಿಂದೆ ಎಂಬುದೂ ನಿಜವೇ, ಆದರೆ ಆ ಅಂತರ ಒಂದೆರಡು ತಿಂಗಳದು, ವರ್ಷದ್ದಲ್ಲ. ತಾನಾಗಿ ಸರಿಹೋಗುವ ಮಗು ಯಾವುದು, ಹೋಗದ ಮಗು ಯಾವುದು ಎಂದು ಮುಂಚಿತವಾಗಿ ಹೇಳುವುದು ಕಷ್ಟ. ಹೇಳಿದ್ದು ಚೆನ್ನಾಗಿ ಅರ್ಥವಾಗುತ್ತಿದ್ದರೆ, ಸನ್ನೆ ಧಾರಾಳವಾಗಿದ್ದರೆ ಆಸೆ ಹೆಚ್ಚು. ಅರ್ಥವಾಗುವುದೂ ಕಡಿಮೆಯಿದ್ದರೆ ಅಪಾಯ ಹೆಚ್ಚು. ಬುದ್ಧಿ, ಕಿವಿ ಎಲ್ಲ ಸರಿಯಿದ್ದೂ ಭಾಷೆ ಮಾತ್ರ ಕುಂಟುವ ಮಕ್ಕಳು ಶಾಲೆಗೆ ಸೇರುವ ವಯಸ್ಸಿನಲ್ಲಿ ನೂರಕ್ಕೆ ಸುಮಾರು ಏಳು ಮಂದಿ. ಅಂಥವರನ್ನು ಶಾಲೆಯಲ್ಲಿ "ದಡ್ಡ" ಎಂದು ಹಿಂದಿನ ಬೆಂಚಿಗೆ ತಳ್ಳುವುದು ನಡೆದೇ ಇದೆ, ಇದು ನನಗೆ ಅತ್ಯಂತ ನೋವಿನ ಸಂಗತಿ.

ನಾಲಿಗೆಗೆ ಬಜೆ ತೇಯ್ದು ಹಚ್ಚುವ ಮದ್ದು ಈ ಸೀಮೆಯ ಕನ್ನಡ, ತೆಲುಗು, ತಮಿಳು ಮನೆಗಳಲ್ಲೆಲ್ಲ ಇದೆ. ಮಾತು ಹುಟ್ಟುವುದು ಕಿವಿ ಮತ್ತು ಮೆದುಳಿನ ನಡುವೆ. ನಾಲಿಗೆಗೆ ಏನು ಹಚ್ಚಿದರೂ ಅದು ಅಲ್ಲಿಗೆ ತಲುಪುವುದಿಲ್ಲ. ಬಜೆಯ ಜೊತೆ ಜೇನುತುಪ್ಪ ನೆಕ್ಕಿಸುವುದಂತೂ ವರ್ಷದೊಳಗಿನ ಕೂಸಿಗೆ ಅಪಾಯ, ಜೇನಿನಲ್ಲಿರಬಹುದಾದ ಒಂದು ಬ್ಯಾಕ್ಟೀರಿಯಾ ಎಳೆಯ ಕರುಳಿನಲ್ಲಿ ಬೆಳೆದು ವಿಷವಾಗುತ್ತದೆ. ನಾಲಿಗೆಯ ಕೆಳಗಿನ ದಾರ ಬಿಗಿಯಾಗಿದೆ, ಕತ್ತರಿಸಿದರೆ ಮಾತು ಬರುತ್ತದೆ ಎನ್ನುವವರಿದ್ದಾರೆ. ಅದರಿಂದ ಕೆಲವು ಉಚ್ಚಾರಣೆಗೆ ಅಡ್ಡಿಯಾಗಬಹುದು, ಪದಗಳೇ ಬಾರದಿರುವುದಕ್ಕೆ ಅದು ಕಾರಣವಲ್ಲ.

ಎಲ್ಲಿಗೆ ಹೋಗುವುದು

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ವೈದ್ಯರ ತಂಡ ಪ್ರತಿ ಅಂಗನವಾಡಿಗೂ ವರ್ಷಕ್ಕೆ ಎರಡು ಸಲ ಬರಬೇಕು. ಅವರು ನೋಡಬೇಕಾದ ಪಟ್ಟಿಯಲ್ಲಿ ಶ್ರವಣ ಕೊರತೆ, ಭಾಷೆಯ ವಿಳಂಬ, ಆಟಿಸಂ ಎಲ್ಲವೂ ಸೇರಿವೆ. ತಂಡ ಬರುವ ದಿನವನ್ನು ಅಂಗನವಾಡಿ ಟೀಚರನ್ನು ಕೇಳಿ ತಿಳಿದುಕೊಂಡು ಅಂದು ಮಗುವನ್ನು ತಪ್ಪಿಸದೆ ಕಳಿಸಿ, ಸಾಧ್ಯವಾದರೆ ನೀವೂ ಹೋಗಿ. ನಾಲ್ಕು ಜನರ ನಡುವೆ ಕೂತ ಮಗುವನ್ನು ಒಂದೆರಡು ನಿಮಿಷ ನೋಡಿ ಹೋಗುವವರಿಗೆ ಮನೆಯೊಳಗಿನ ಮೌನ ಕಾಣುವುದಿಲ್ಲ, ಅದನ್ನು ನೀವೇ ಹೇಳಬೇಕು. ತಾಯಿ ಕಾರ್ಡಿನಲ್ಲೂ ಬೆಳವಣಿಗೆಯ ಹಂತಗಳ ಚಿತ್ರಗಳಿವೆ, ಲಸಿಕೆಯ ಪುಟ ನೋಡಿ ಮಡಚಿಡದೆ ಆ ಪುಟವನ್ನೂ ನೋಡಿ. ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆ, ಟಮಕದ ಆರ್.ಎಲ್. ಜಾಲಪ್ಪ ಆಸ್ಪತ್ರೆ ಹತ್ತಿರದವು. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಆಟಿಸಂ ಮತ್ತಿತರ ಸಂವಹನ ತೊಂದರೆಯ ಪುಟ್ಟ ಮಕ್ಕಳಿಗಾಗಿ ಪ್ರತಿಭಾ ಕಾರಂತ ಅವರು ಕಟ್ಟಿದ ಕಾಮ್ ಡೀಲ್ ಟ್ರಸ್ಟ್ ಇದೆ. ಕನ್ನಡ ಮಕ್ಕಳ ಭಾಷೆಯನ್ನು ಕನ್ನಡದಲ್ಲೇ ಅಳೆಯುವ ಪರೀಕ್ಷೆಗಳನ್ನು ರೂಪಿಸಿದವರಲ್ಲಿ ಅವರೂ ಒಬ್ಬರು.

ಎಲ್ಲಕ್ಕೂ ದೊಡ್ಡ ಮನೆ ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ. 1960ರ ದಶಕದ ನಡುವೆ ಹುಟ್ಟಿದ ಇದು ದೇಶದಲ್ಲಿ ಈ ವಿಷಯಕ್ಕೇ ಮೀಸಲಾದ ಮುಂಚೂಣಿ ಸಂಸ್ಥೆ. ಕನ್ನಡ ನಾಟಕಕಾರರಾಗಿ ಓದುಗರು ಬಲ್ಲ ನ. ರತ್ನ ಅವರು ಇದರ ನಿರ್ದೇಶಕರಾಗಿದ್ದರು. ತೀವ್ರ ಕಿವುಡು ಇರುವ ಐದು ವರ್ಷದೊಳಗಿನ ಮಕ್ಕಳಿಗೆ ಕಾಕ್ಲಿಯರ್ ಇಂಪ್ಲಾಂಟ್ ನೆರವು ಕೇಂದ್ರದ ಯೋಜನೆಯಲ್ಲಿದೆ, ರಾಜ್ಯದ ಶ್ರವಣ ಸಂಜೀವಿನಿ ಕಾರ್ಯಕ್ರಮವೂ ಇದೆ. ಐದು ವರ್ಷ ದಾಟಿದ ಮೇಲೆ ಬಾಗಿಲು ಕಿರಿದಾಗುತ್ತದೆ ಎಂಬುದನ್ನು ನೆನಪಿಡಿ.

ಚಿಕಿತ್ಸೆ ಎಂದರೆ ಇಂಜೆಕ್ಷನ್ನೂ ಅಲ್ಲ, ಮಾತ್ರೆಯೂ ಅಲ್ಲ. ಚಾಪೆಯ ಮೇಲೆ ತಾಯಿ, ಮಗು, ಥೆರಪಿಸ್ಟ್ ಕೂರುತ್ತಾರೆ. ಮುಚ್ಚಳವಿರುವ ಪಾರದರ್ಶಕ ಡಬ್ಬಿಯೊಳಗೆ ಮಗುವಿಗೆ ಇಷ್ಟವಾದ ಚೆಂಡು. ಮಗು ಡಬ್ಬಿ ತಟ್ಟುತ್ತದೆ. ಥೆರಪಿಸ್ಟ್ ತೆಗೆದುಕೊಡುವುದಿಲ್ಲ, ಗದರುವುದೂ ಇಲ್ಲ, ಮುಖ ನೋಡುತ್ತಾ ಕಾಯುತ್ತಾರೆ. ಮಗು ಒಮ್ಮೆ ಕಣ್ಣೆತ್ತಿ ನೋಡಿದರೆ, ಏನಾದರೂ ಸದ್ದು ಮಾಡಿದರೆ "ಚೆಂಡು! ಚೆಂಡು ಬೇಕು" ಎಂದು ಆ ಕ್ಷಣವೇ ಕೊಡುತ್ತಾರೆ. ಅದನ್ನು ತಾಯಿ ಕಲಿತು ಮನೆಯಲ್ಲಿ ಲೋಟ, ಚಪ್ಪಲಿ, ಬಿಸ್ಕತ್ತಿನ ಜೊತೆ ದಿನವಿಡೀ ಮಾಡುತ್ತಾರೆ. "ಹೇಳು, ಅಮ್ಮ ಅನ್ನು, ಹೇಳು" ಎಂದು ಪರೀಕ್ಷೆ ಮಾಡುವುದನ್ನು ನಿಲ್ಲಿಸುವುದು ಅವರು ಮೊದಲು ಕಲಿಯಬೇಕಾದ ಪಾಠ.

ಯಾವ ಭಾಷೆಯಲ್ಲಿ ಎಂದು ಕೇಳುತ್ತಾರೆ. ಮನಸ್ಸು ಬಿಚ್ಚಿ ಮಾತಾಡಲು ನಿಮಗೆ ಯಾವುದು ಬರುತ್ತದೋ ಅದರಲ್ಲಿ. ಒಂದು ಭಾಷೆ ಬಿಟ್ಟುಬಿಡಿ ಎಂಬ ಸಲಹೆಗೆ ಆಧಾರವಿಲ್ಲ. ಡೌನ್ ಸಿಂಡ್ರೋಮ್ ಇರುವ ಮಕ್ಕಳನ್ನು ಅಧ್ಯಯನ ಮಾಡಿ 2005ರಲ್ಲಿ ಕೆನಡಾದ ಎಲಿಜಬೆತ್ ಕೇ ರೇನಿಂಗ್ ಬರ್ಡ್ ತಂಡ ಪ್ರಕಟಿಸಿದಂತೆ, ಎರಡು ಭಾಷೆಯಲ್ಲಿ ಬೆಳೆದವರು ಒಂದೇ ಭಾಷೆಯವರಿಗಿಂತ ಹಿಂದೆ ಬಿದ್ದಿರಲಿಲ್ಲ. ಅಜ್ಜಿಗೆ ಬರುವುದು ತಮಿಳೊಂದೇ ಆಗಿದ್ದರೆ ಅವರ ಬಾಯಿ ಮುಚ್ಚಿಸಿ ಮಗುವಿಗೆ ಲಾಭವೇನು?

ಇವತ್ತು ರಾತ್ರಿಯೇ ಒಂದು ಕಾಗದ ತೆಗೆದುಕೊಂಡು ನಿಮ್ಮ ಮಗು ತಾನಾಗಿ ಆಡುವ ಪದಗಳನ್ನು ಎಲ್ಲ ಭಾಷೆಯದೂ ಸೇರಿಸಿ ಬರೆಯಿರಿ. ಪಕ್ಕದಲ್ಲಿ ಅದು ಮಾಡುವ ಸನ್ನೆಗಳನ್ನು ಬರೆಯಿರಿ. ಬೆನ್ನ ಹಿಂದೆ ನಿಂತು ಮೆಲುದನಿಯಲ್ಲಿ ಹೆಸರು ಕರೆದು ಏನು ಮಾಡಿತೆಂದು ಬರೆಯಿರಿ. ಸಂಶಯ ಬಂದರೆ ಆ ಕಾಗದ ಹಿಡಿದು ಈ ವಾರವೇ ಹೊರಡಿ, ಮೊದಲು ಕಿವಿ ಪರೀಕ್ಷೆ ಮಾಡಿಸಿ. ಏನೂ ಇಲ್ಲವೆಂದು ಗೊತ್ತಾದರೆ ನಿಮಗೆ ಹೋಗುವುದು ಒಂದು ದಿನದ ಕೂಲಿ ಮತ್ತು ಬಸ್ ಚಾರ್ಜು ಮಾತ್ರ.